ಕೆಮ್ಮನ್ನು ಬರೆಯಬೇಕಿಲ್ಲ

ನಗು ಬಂದರೆ ಕಂಸದೊಳಗೆ ‘ನಗು’ ಎಂದು ಬರೆಯಬೇಕು,
ಚಪ್ಪಾಳೆಗೆ ‘ಚಪ್ಪಾಳೆ’.
ಕೆಮ್ಮನ್ನು ಬರೆಯಬೇಕಿಲ್ಲ.
ಮಸೇರುವಿನ ಶಾಸನಸಭೆಯಲ್ಲಿ ವರದಿ ಬರೆಯಲು ಸೇರಿದ ದಿನ
ಹಿರಿಯ ಗುಮಾಸ್ತರು ಹೇಳಿಕೊಟ್ಟ ಪಾಠ ಇಷ್ಟೇ.
ಹನ್ನೊಂದು ವರ್ಷ, ಒಂದು ಕೆಮ್ಮನ್ನೂ ಬರೆದವನಲ್ಲ ನಾನು.

ಜುಲೈ. ಹಾ-ಮೊಕೋಟೊದ ದನದೊಡ್ಡಿಯ ಪಕ್ಕ ಪಿತ್ಸೊ ಸೇರಿತ್ತು,
ಊರಿಗೆ ಊರೇ ಕಂಬಳಿ ಹೊದ್ದು ಕೂತ ಸಭೆ.
ಸಗಣಿಯ ಮೇಲೆ ತೆಳು ಹಿಮ,
ಕುದುರೆಗಳ ಮೂಗಿನಲ್ಲಿ ಹಬೆ.
ಮಾನ್ಯ ಪುಲಾನೆ ಮೊಲಿಬೇಲಿ
ಜೀಪಿನ ಬಾನೆಟ್ ಮೇಲೆ ಕಾಗದ ಹರಡಿ
ಹಾರದಂತೆ ಎರಡು ಕಲ್ಲಿಟ್ಟು
ರಾಷ್ಟ್ರೀಯ ಆರೋಗ್ಯ ನೀತಿಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು.

ಗುಳಿಗೆ ಮೂರು ತಿಂಗಳಿಗೊಮ್ಮೆ ಬರುತ್ತದೆ, ಹೌದು.
ಹೆರಿಗೆಗೆ ಕಾಸು ಕೊಡಬೇಕಿಲ್ಲ, ಹೌದು.
ನರ್ಸ್? ಜಾಹೀರಾತು ಕೊಟ್ಟಾಗಿದೆ,
ಇಲ್ಲಿಗೆ ಬರಲು ಯಾರೂ ಒಪ್ಪುತ್ತಿಲ್ಲ, ಸುಳ್ಳು ಹೇಳಲಾರೆ.
ಗಣಿಯಿಂದ ಮರಳಿದವರ ಶ್ವಾಸಕೋಶಕ್ಕೆ ಪರಿಹಾರ?
ಅದು ಗಡಿಯಾಚೆಯ ಕಂಪನಿಯ ಕಡತ.
ನಮ್ಮ ಕೈ ಅಷ್ಟು ಉದ್ದವಿಲ್ಲ.

ಹಿಂದಿನ ಸಾಲಿನ ಗಂಡಸರು ಕೆಮ್ಮಿದರು.
ಒಂದು ಕೆಮ್ಮಿಗೆ ಇನ್ನೊಂದು ಓಗೊಟ್ಟ ಹಾಗೆ,
ಸುರಂಗದಲ್ಲಿ ಒಬ್ಬ ಇನ್ನೊಬ್ಬನನ್ನು
ಇದ್ದೀಯಾ ಎಂದು ಕೇಳಿದ ಹಾಗೆ.
ಅವರಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ.
ನನ್ನ ಪೆನ್ನು ಸುಮ್ಮನಿತ್ತು.

ಆಗ ಎದ್ದವಳು ಮಾಖೋತ್ಸೊ.
ಎದ್ದಳು ಅನ್ನುವುದು ಕಡತದ ಭಾಷೆ; ಕೋಲೂರಿ ಅರ್ಧ ಎದ್ದಳು,
ಉಳಿದರ್ಧಕ್ಕೆ ಪಕ್ಕದವಳು ತೋಳು ಕೊಟ್ಟಳು.
‘ಒಂಬತ್ತನೇ ಪುಟ,’ ಅಂದಳು. ಅವಳಿಗೆ ಓದು ಬಾರದು,
ಶಾಲೆಯ ಹುಡುಗಿ ಓದಿ ಹೇಳಿದ್ದು.
‘ಯಾವ ಮನೆಯಿಂದಲೂ ಎರಡು ಗಂಟೆ ನಡೆದರೆ
ದವಾಖಾನೆ ಸಿಗುತ್ತದೆ ಅಂತ ಇದೆಯಂತಲ್ಲ,
ಯಾರ ಕಾಲಿನ ಎರಡು ಗಂಟೆ, ತಾಯಿ?’

ಕಾಗದ ತಿರುವುವಾಗ ಒಂದು ಕಲ್ಲು ಉರುಳಿತು.
ಇಂಥಲ್ಲಿ ಉಳಿದವರು ನೀರು ಕೇಳುತ್ತಾರೆ,
‘ಒಳ್ಳೆಯ ಪ್ರಶ್ನೆ’ ಅನ್ನುತ್ತಾರೆ.
ಇವರು ಹದಿನಾರು ವರ್ಷ ನರ್ಸಾಗಿದ್ದವರು,
ಸೂಜಿ ಚುಚ್ಚುವ ಮೊದಲು ‘ನೋಯುತ್ತೆ’ ಅಂತಲೇ ಹೇಳುತ್ತಿದ್ದರಂತೆ.
‘ಸರ್ವೆ ಇಲಾಖೆಯ ಹುಡುಗನದು,’ ಅಂದರು.
‘ಇಪ್ಪತ್ತಾರು ವಯಸ್ಸು. ಹೊಸ ಬೂಟು.
ಏಪ್ರಿಲ್, ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರು.
ಬೆನ್ನ ಮೇಲೆ ಏನೂ ಇರಲಿಲ್ಲ.
ಕೈಯಲ್ಲಿ ಗಡಿಯಾರ ಇತ್ತು.’

ಜನ ಬಿದ್ದು ಬಿದ್ದು ನಕ್ಕರು. ಬರೆದುಕೊಂಡೆ: ನಗು.
ಮಾಖೋತ್ಸೊ ನಗಲಿಲ್ಲ.
ಹಿಟ್ಟು ಅಳೆಯುವವಳಂತೆ ಮೆಲ್ಲಗೆ ತುಟಿಯಾಡಿಸಿ
‘ಜ್ವರ ಇರಲಿಲ್ಲ ಅವನಿಗೆ,’ ಅಂದಳು.
ಅದಕ್ಕೆ ಯಾವ ಚಿಹ್ನೆ ಹಾಕಬೇಕೋ ಇವತ್ತಿಗೂ ತಿಳಿದಿಲ್ಲ.
‘ಇರಲಿಲ್ಲ,’ ಅಂದರು ಮಾನ್ಯ ಸದಸ್ಯೆ.

ಕತ್ತಲಾಗುವ ಮುಂಚೆ ಕಣಿವೆ ಇಳಿಯಬೇಕೆಂದು ಚಾಲಕ ಅವಸರಿಸಿದ.
ಸಭೆ ಮುಗಿಸುವ ಮಾತು ನಮ್ಮಲ್ಲಿ ಎಲ್ಲ ಕಡೆಯೂ ಒಂದೇ:
ಖೋತ್ಸೊ! ಪುಲಾ! ನಲಾ!
ಶಾಂತಿ ಇರಲಿ, ಮಳೆ ಬರಲಿ, ಕಣಜ ತುಂಬಲಿ.
ಇನ್ನೂರು ಗಂಟಲು ಒಟ್ಟಿಗೆ ‘ಖೋತ್ಸೊ’ ಎಂದು ಕೂಗಿದಾಗ
ಖೋತ್ಸೊನ ಅಮ್ಮ
ತಟ್ಟನೆ ಹೊಳೆಯ ದಾರಿಯ ಕಡೆ ತಿರುಗಿದಳು.

ಪಕ್ಕದವಳು ತೋಳು ಬಿಟ್ಟಿರಲಿಲ್ಲ.
ನಾನು ಯಾರನ್ನೂ ಏನೂ ಕೇಳಲಿಲ್ಲ. ಕೇಳುವುದು ನನ್ನ ಕೆಲಸವಲ್ಲ.

ಜೀಪಿನಲ್ಲಿ ಮಾನ್ಯ ಸದಸ್ಯೆ ಶೂ ಕಳಚಿ
ಅಂಗಾಲು ಒತ್ತಿಕೊಳ್ಳುತ್ತ ಕೂತರು, ಮಸೇರು ಬರುವತನಕ ಮಾತಿಲ್ಲ.

ರಾತ್ರಿ ಹೆಡ್‌ಫೋನ್ ಹಾಕಿ ಟೈಪು ಮಾಡಿದೆ.
ಗಾಳಿ, ಕುದುರೆ, ಪ್ರಶ್ನೆ, ಉತ್ತರ.
ಮತ್ತೆ ಆ ಹಿಂದಿನ ಸಾಲು. ಎಣಿಸಿದೆ, ನಲವತ್ತೊಂದು.
ಮೊದಲನೆಯದನ್ನು ಕಂಸದೊಳಗೆ ಬರೆದೆ,
ಅಳಿಸಿದೆ,
ಕಂಸವನ್ನು ಮಾತ್ರ ಅಳಿಸಲಿಲ್ಲ.

ಬೆಳಿಗ್ಗೆ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ
ಬೆರಳಿಟ್ಟರು: ಇಲ್ಲೇನೋ ಬಿಟ್ಟುಹೋಗಿದೆಯಲ್ಲಯ್ಯ.